ಮಷಿನ್ ಕೆಟ್ಟಿರಲಿಲ್ಲ, ಸಂಗೀತ ಶುರುವಾಗಿತ್ತು

ಮಾನ್ಯ ಸಂಪಾದಕರೇ,

ಭಾನುವಾರದ ಸಿನಿಮಾ ಪ್ರದರ್ಶನದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. 'ತಾಂತ್ರಿಕ ದೋಷದಿಂದ ತಡ' ಎಂದು ಬರೆದಿದ್ದೀರಿ. ದೋಷ ಯಾವುದೂ ಇರಲಿಲ್ಲ. ನಾನು ಮೂರನೇ ಸಾಲಿನಲ್ಲೇ ಕೂತಿದ್ದೆ.

ಅಂದು ತೋರಿಸಿದ, ನಿರ್ದೇಶಕ ಸ್ಟಾನ್ಲಿ ಕುಬ್ರಿಕ್‌ನ 1968ರ '2001: ಎ ಸ್ಪೇಸ್ ಒಡಿಸ್ಸಿ' ಶುರುವಾಗುವುದೇ ಕತ್ತಲೆಯಿಂದ. ಸುಮಾರು ಮೂರು ನಿಮಿಷ ಪರದೆ ಮೇಲೆ ಏನೂ ಇಲ್ಲ. ಹಂಗೇರಿ ಮೂಲದ ಸಂಗೀತಕಾರ ಲಿಗೆಟಿ 1961ರಲ್ಲಿ ಬರೆದ ಸಂಗೀತ ಮಾತ್ರ. ದೂರದಲ್ಲಿ ಜೇನುಗೂಡು ಗುಂಯ್‌ಗುಟ್ಟಿದ ಹಾಗೆ. ಕಣ್ಣಿಗೆ ಏನೂ ಕೊಡದೆ ಕುಬ್ರಿಕ್ ಮೊದಲು ಕಿವಿ ತೆರೆಸುತ್ತಾನೆ. ಈ ಸಿನಿಮಾಗೆ ಅಲೆಕ್ಸ್ ನಾರ್ತ್ ಅವರಿಂದ ಹೊಸ ಸಂಗೀತ ಬರೆಸಿಯೂ ಅದನ್ನು ಬಿಟ್ಟು, ಮೊದಲೇ ಇದ್ದ ಕೃತಿಗಳನ್ನೇ ಉಳಿಸಿಕೊಂಡವನು ಕುಬ್ರಿಕ್. ಅಷ್ಟು ಯೋಚಿಸಿ ಇಟ್ಟದ್ದು ಅದು.

ಇಲ್ಲಿ ಏನಾಯಿತು? ಒಂದು ನಿಮಿಷಕ್ಕೇ ಹಿಂದಿನಿಂದ ಯಾರೋ 'ಮಷಿನ್ ಕೆಟ್ಟದ ನೋಡ್ರಿ' ಎಂದರು. ಲೈಟ್ ಹಾಕಿದರು. ಇಪ್ಪತ್ತು ನಿಮಿಷ ವೈರು ಕಿತ್ತು ಜೋಡಿಸಿದರು. ಆಮೇಲೆ ಮುಂದಕ್ಕೆ ಓಡಿಸಿ ನೇರ ಮಂಗಗಳ ದೃಶ್ಯಕ್ಕೆ ತಂದು ಬಿಟ್ಟರು. ರಿಚರ್ಡ್ ಸ್ಟ್ರಾಸ್‌ನ 1896ರ ಕೃತಿಯ ಆ ಕಹಳೆಗಳು, ಭೂಮಿಯ ಹಿಂದಿನಿಂದ ಸೂರ್ಯ ಏಳುವುದು, ಎಲ್ಲ ಹೋಯಿತು. ಜಗತ್ತೇ ಗುರುತಿಸುವ ಆರಂಭ ಅದು!

ಮುಂದಿನದು ಇನ್ನೂ ಕೆಟ್ಟದ್ದು. ಬಾಹ್ಯಾಕಾಶ ಹಡಗು ನಿಲ್ದಾಣದ ಹತ್ತಿರ ಬರುತ್ತದೆ. ಯಾರೂ ಮಾತಾಡುವುದಿಲ್ಲ. ಯೋಹಾನ್ ಸ್ಟ್ರಾಸ್‌ನ 'ಬ್ಲೂ ಡ್ಯಾನ್ಯೂಬ್' ಎಂಬ ವಾಲ್ಟ್ಸ್, ಅಂದರೆ ನೃತ್ಯ ಸಂಗೀತ, ಒಂದೇ. ಅದು ನಿಂತರೆ ದೃಶ್ಯವೇ ಇಲ್ಲ. ಸರಿಯಾಗಿ ಆಗಲೇ ಒಬ್ಬ ಸಾಹೇಬರು ಬಂದರು. ಸೌಂಡ್ ಬಂದ್. ಮೈಕ್ ಚಾಲೂ. ಹಾರ, ಶಾಲು, ಫೋಟೋ. ಹಿಂದೆ ಹಡಗು ಮೂಕವಾಗಿ ತಿರುಗುತ್ತಲೇ ಇತ್ತು. ನನಗೆ ಅಳು ಬಂತು.

'ಶಂಕರಾಭರಣಂ' ನಮ್ಮೂರಲ್ಲಿ ನೋಡದವರು ಯಾರು? ಅದರಲ್ಲಿ ಬರುವ 'ಬ್ರೋಚೇವಾರೆವರುರಾ' ಮೈಸೂರು ವಾಸುದೇವಾಚಾರ್ಯರ ಖಮಾಚ್ ರಾಗದ ಕೀರ್ತನೆ. ಸಿನಿಮಾಕ್ಕಾಗಿ ಹುಟ್ಟಿದ್ದಲ್ಲ. ಆ ಹೊತ್ತಿನಲ್ಲಿ ಸೌಂಡ್ ಬಂದ್ ಮಾಡಿದ್ದರೆ ಜನ ಸುಮ್ನೆ ಕೂರುತ್ತಿದ್ದರಾ? ಖಮಾಚ್ ರಾಗಕ್ಕೆ ಒಂದು ಮರ್ಯಾದೆ, ವಾಲ್ಟ್ಸ್‌ಗೆ ಇನ್ನೊಂದಾ?

ನಾನು ಶಹಾಬಾದಿನಿಂದ ಬಂದಿದ್ದೆ, ಮೊಣಕಾಲು ನೋವಿನ ತಾಯಿಯನ್ನು ಕರೆದುಕೊಂಡು. ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಆಟೋದವನು ಕೇಳಿದಷ್ಟು ಕೊಟ್ಟೆ. ಈ ಬಿಸಿಲಲ್ಲಿ ಅಲ್ಲಿ ಕುಡಿಯಲು ನೀರಿಲ್ಲ, ಮೂರು ಫ್ಯಾನ್‌ನಲ್ಲಿ ಒಂದೇ ತಿರುಗುತ್ತಿತ್ತು. ಸನ್ಮಾನದಿಂದ ಎಲ್ಲ ತಡವಾಗಿ ಕೊನೇ ಬಸ್ಸೂ ತಪ್ಪಿತು.

ಇದು ಮೊದಲ ಸಲ ಅಲ್ಲ. ಹೋದ ವರ್ಷದ ಸಂಗೀತ ಕಾರ್ಯಕ್ರಮ ನೆನಪಿದೆ ಅಲ್ವಾ? ಸೂರ್ಯ ಮುಳುಗುವ ಹೊತ್ತಿನ ಮಾರ್ವಾ ರಾಗ ಹಾಡಲು ಗಾಯಕರು ತಂಬೂರಿ ಶ್ರುತಿ ಮಾಡಿ ಕೂತಿದ್ದರು. ಉದ್ಘಾಟಿಸುವ ಅಧಿಕಾರಿ ಬಂದದ್ದು ಎಂಟೂವರೆಗೆ. ಮಾರ್ವಾ ಬಿಟ್ಟು ಬೇರೆ ರಾಗ ಹಿಡಿಯಬೇಕಾಯಿತು. ಅಧಿಕಾರಿ ಭಾಷಣ ಮಾಡಿ, ಆಲಾಪ ಶುರುವಾಗುತ್ತಲೇ ಎದ್ದು ಹೋದರು. ಅವರ ಹಿಂದೆ ಅರ್ಧ ಸಭೆಯೂ ಎದ್ದಿತು. ನಮ್ಮ ಓಣಿಯ ನಳದ ಅರ್ಜಿಗೂ ಅಧಿಕಾರಿಗಳದ್ದು ಇದೇ ಗತಿ, ಬರುವುದು ತಡ, ಹೋಗುವುದು ಬೇಗ.

ಆ ಸಿನಿಮಾವನ್ನು ಮೊದಲಿನಿಂದ, ಕತ್ತಲೆ ಸಮೇತ, ಮತ್ತೊಮ್ಮೆ ತೋರಿಸಬೇಕು. ಇಲ್ಲವೇ ಮಷಿನ್ ನಡೆಸುವವರ ಪಕ್ಕದಲ್ಲಿ ಸಿನಿಮಾ ನೋಡಿದ ಒಬ್ಬರು ಇರಬೇಕು. ಸನ್ಮಾನ ಅಷ್ಟು ಜರೂರು ಇದ್ದರೆ ಹೊರಗೆ ವರಾಂಡದಲ್ಲಿ ಮಾಡಿಕೊಳ್ಳಲಿ. ನೀವೂ ದೋಷ ಅಂತ ಬರೆಯುವ ಮುಂಚೆ ಅಲ್ಲಿ ಕೂತಿದ್ದ ಒಬ್ಬರನ್ನಾದರೂ ಕೇಳಬೇಕಿತ್ತು.

ಒಬ್ಬ ನೊಂದ ಪ್ರೇಕ್ಷಕ, ಶಹಾಬಾದ್