ಮಗಳಿಗೊಂದು ಪತ್ರ: ಬಿಭಾ ಚೌಧುರಿ ಅವರ ಕೆಲಸ ನಿನಗೆ ಗೊತ್ತಿರಲಿ

ಪ್ರೀತಿಯ ಪುಟ್ಟಿ,

ಭೌತವಿಜ್ಞಾನಿ ಬಿಭಾ ಚೌಧುರಿ ಬಗ್ಗೆ ನೀನು ಕಳಿಸಿದ ಮೆಸೇಜ್ ಓದಿದೆ. ನೊಬೆಲ್ ಕೈತಪ್ಪಿತು, ಸತ್ತ ಮೇಲೆ ಒಂದು ನಕ್ಷತ್ರಕ್ಕೆ ಹೆಸರಿಟ್ಟರು ಅಂತ ಬೇಜಾರು ಮಾಡಿಕೊಂಡಿದ್ದೀಯ. ನನಗೂ ಬೇಜಾರಿದೆ. ಆದರೆ ಅವರು ಮಾಡಿದ ಕೆಲಸ ಏನು ಅಂತ ಗೊತ್ತಾದರೆ ಹೆಮ್ಮೆಯೇ ಜಾಸ್ತಿ ಆಗುತ್ತದೆ. ಅದನ್ನೇ ಹೇಳೋಣ ಅಂತ ಕೂತಿದ್ದೇನೆ.

ಅವರು ಹುಟ್ಟಿದ್ದು 1913ರಲ್ಲಿ. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದರು. ಆ ತಂಡದಲ್ಲಿ ಇದ್ದ ಹುಡುಗಿ ಅವರೊಬ್ಬರೇ. ಆಮೇಲೆ ಕಲ್ಕತ್ತಾದ ಬೋಸ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಭೌತವಿಜ್ಞಾನಿ ಡಿ.ಎಂ. ಬೋಸ್ ಜೊತೆ ಕೆಲಸ ಶುರುವಾಯಿತು. ಹೆಣ್ಣುಮಗಳಿಗೆ ಏನು ಕೆಲಸ ಕೊಡೋದು ಅಂತ ಬೋಸ್ ಮೊದಲು ಹಿಂಜರಿದರಂತೆ. ಇವರು ಪಟ್ಟು ಬಿಡಲಿಲ್ಲ.

ಇಬ್ಬರೂ ಮಾಡಿದ್ದು ಎಷ್ಟು ಸರಳ, ಎಷ್ಟು ಕಷ್ಟ ನೋಡು. ಫೋಟೋ ತೆಗೆಯುವ ಪ್ಲೇಟುಗಳನ್ನು ಡಾರ್ಜಿಲಿಂಗ್, ಸಂದಕ್‌ಫು, ಟಿಬೆಟ್ಟಿನ ಫಾರಿ ಜಾಂಗ್‌ನಂಥ ಎತ್ತರದ ಜಾಗಗಳಲ್ಲಿ ತಿಂಗಳುಗಟ್ಟಲೆ ಇಟ್ಟರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಕಣಗಳು ಪ್ಲೇಟಿನೊಳಗೆ ಹಾದು ಹೋಗುತ್ತವೆ. ಡೆವಲಪ್ ಮಾಡಿದಾಗ ಆ ದಾರಿಯಲ್ಲಿ ಸಣ್ಣ ಸಣ್ಣ ಬೆಳ್ಳಿಯ ಚುಕ್ಕಿಗಳು ಕಾಣುತ್ತವೆ. ಚುಕ್ಕಿಗಳು ಎಷ್ಟು ಒತ್ತಾಗಿವೆ, ದಾರಿ ಎಷ್ಟು ಅಂಕುಡೊಂಕಾಗಿದೆ ಅಂತ ಮೈಕ್ರೋಸ್ಕೋಪಿನಲ್ಲಿ ಅಳೆದು ಕಣದ ತೂಕ ಅಂದಾಜು ಮಾಡಬೇಕು. ಕಣ್ಣು ಸೋಲುವ ಕೆಲಸ. ಅದರಿಂದ ಎಲೆಕ್ಟ್ರಾನಿಗಿಂತ ಭಾರ, ಪ್ರೋಟಾನಿಗಿಂತ ಹಗುರವಾದ ಮೆಸಾನ್ ಕಣಗಳ ಗುರುತು ಹಿಡಿದರು. 1940ರಿಂದ 1942ರ ನಡುವೆ 'ನೇಚರ್' ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಇವರ ಲೇಖನಗಳು ಬಂದವು.

ಆಗ ಎರಡನೇ ಮಹಾಯುದ್ಧದ ಕಾಲ. ನಿಖರವಾಗಿ ಅಳೆಯೋಕೆ ಬೇಕಾದ ಒಳ್ಳೆಯ ಪ್ಲೇಟುಗಳು ಭಾರತಕ್ಕೆ ಬರಲಿಲ್ಲ. ಇಂಗ್ಲೆಂಡಿನಲ್ಲಿ ಸೆಸಿಲ್ ಪೊವೆಲ್ ಇದೇ ದಾರಿಯಲ್ಲಿ, ಸುಧಾರಿಸಿದ ಪ್ಲೇಟುಗಳೊಂದಿಗೆ, 1947ರಲ್ಲಿ ಪಯಾನ್ ಅನ್ನೋ ಮೆಸಾನ್ ಕಣ ಕಂಡರು. 1950ರಲ್ಲಿ ನೊಬೆಲ್ ಪಡೆದರು. ಬೋಸ್ ಮತ್ತು ಚೌಧುರಿ ಮೊದಲೇ ಈ ದಾರಿ ತೋರಿಸಿದ್ದರು ಅಂತ ಪೊವೆಲ್ ಆಮೇಲೆ ಬರೆದಿದ್ದಾರೆ. ಪೊವೆಲ್ ಕದ್ದರು ಅಂತ ಯಾರಾದರೂ ಹೇಳಿದರೆ ನಂಬಬೇಡ. ಪ್ಲೇಟು ಸಿಗದೆ ನಿಂತ ಕೆಲಸ ಅದು, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಬಿಭಾ ಅಲ್ಲಿಗೇ ನಿಲ್ಲಲಿಲ್ಲ, ಪುಟ್ಟಿ. ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನಿ ಬ್ಲ್ಯಾಕೆಟ್ ಅವರ ಬಳಿ ಪಿಎಚ್.ಡಿ. ಮಾಡಿದರು. ಹೋಮಿ ಭಾಭಾ ಇವರನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಟಿಐಎಫ್‌ಆರ್) ಸೇರಿಸಿಕೊಂಡರು. ಅಲ್ಲಿನ ಮೊದಲ ಮಹಿಳಾ ಸಂಶೋಧಕಿ ಇವರೇ. ಮುಂದೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿದ್ದಾಗ (ಪಿಆರ್‌ಎಲ್) ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ಕಣಗಳ ಪ್ರಯೋಗಗಳಲ್ಲೂ ಕೆಲಸ ಮಾಡಿದರು. ನೆಲದಾಳದ ಬಂಡೆ ಬೇರೆ ಕಣಗಳನ್ನು ತಡೆಯುತ್ತದೆ, ಹಾಗಾಗಿ ಅಷ್ಟು ಆಳ ಬೇಕು. ಕೆಜಿಎಫ್ ಅಂದರೆ ಬರೀ ಚಿನ್ನ ಅಂದುಕೊಂಡಿರುವ ನಮ್ಮೂರಿನವರಿಗೆ ಇದನ್ನು ಹೇಳಬೇಕು ಅಲ್ವಾ?

1991ರಲ್ಲಿ ತೀರಿಕೊಂಡರು. ದೇಶದ ದೊಡ್ಡ ವಿಜ್ಞಾನ ಅಕಾಡೆಮಿಗಳು ಅವರನ್ನು ಫೆಲೋ, ಅಂದರೆ ಗೌರವದ ಸದಸ್ಯೆ, ಆಗಿ ಆರಿಸಿರಲೇ ಇಲ್ಲ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಿತು. ಎಚ್‌ಡಿ 86081 ಅನ್ನೋ ನಕ್ಷತ್ರ 'ಬಿಭಾ' ಆಯಿತು. ಅದರ ಗ್ರಹ 'ಸಂತಮಸ'. ನನಗೆ ತುಂಬಾ ಖುಷಿ ಆಯಿತು. ಆದರೂ, ಬದುಕಿದ್ದಾಗ ಒಂದು ಫೆಲೋಶಿಪ್ ಸಿಕ್ಕಿದ್ದರೆ ಅವರ ಮಾತಿಗೆ ತೂಕ ಬರುತ್ತಿತ್ತು, ಶಿಷ್ಯರು ಹುಡುಕಿಕೊಂಡು ಬರುತ್ತಿದ್ದರು. ಸತ್ತವರಿಗೆ ಕೊಡುವ ಗೌರವದಿಂದ ಅದು ಯಾವುದೂ ಆಗುವುದಿಲ್ಲ.

ಆ ನಕ್ಷತ್ರ ಬರಿಗಣ್ಣಿಗೆ ಕಾಣುವುದಿಲ್ಲ. 'ನೇಚರ್' ಲೇಖನಗಳು ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಸಿಗಬಹುದು, ಕೇಳಿ ನೋಡು. ಚಿಕ್ಕಚಿಕ್ಕವೇ. ಓದಿ, ಭಾನುವಾರ ಫೋನ್ ಮಾಡಿದಾಗ ನನಗೂ ವಿವರಿಸು.

ನಿನ್ನ
ಅಮ್ಮ