ಭಾಷಾವಿಜ್ಞಾನ ಶಿಬಿರವನ್ನು ಮೊಟಕುಗೊಳಿಸಬೇಡಿ

ಮಾನ್ಯ ಸಂಪಾದಕರೇ,

ಭಾಷಾವಿಜ್ಞಾನ ಒಲಿಂಪಿಯಾಡ್‌ಗೆ ಶಾಲಾ ತಂಡವನ್ನು ಸಜ್ಜುಗೊಳಿಸಲು ವಸತಿ ಶಿಬಿರ ನಡೆಸುವುದು ದುಂದುವೆಚ್ಚ, ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲೇ ಸಿಗುವಾಗ ಮೂರು ದಿನಗಳ ಆನ್‌ಲೈನ್ ತರಗತಿ ಸಾಕು ಎಂದು ವಾಚಕರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ನಮ್ಮ ಶಿಬಿರದ ಸಂಘಟಕರ ಆಲೋಚನೆಯೂ ಅದೇ ದಿಕ್ಕಿನಲ್ಲಿದೆ ಎಂದು ಅನಂತರ ತಿಳಿಯಿತು. 28 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಕಳೆದ ಬಾರಿ ಹೆಣ್ಣುಮಕ್ಕಳ ಮೇಲ್ವಿಚಾರಕಿಯಾಗಿ ಒಂಬತ್ತು ದಿನವೂ ಆ ಶಿಬಿರದಲ್ಲೇ ಉಳಿದಿದ್ದೆ. ಕಣ್ಣಾರೆ ಕಂಡದ್ದನ್ನು ಹೇಳದೆ ಇರಲಾರೆ.

ಇದು ಹಲವು ಭಾಷೆಗಳನ್ನು ಬಲ್ಲವರ ಸ್ಪರ್ಧೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಮಕ್ಕಳ ಮುಂದೆ ಇಡುವುದು ಅವರು ಹೆಸರನ್ನೂ ಕೇಳಿರದ ಭಾಷೆಯ ಹತ್ತಿಪ್ಪತ್ತು ಪದಗಳನ್ನೋ ವಾಕ್ಯಗಳನ್ನೋ. ಅದರಲ್ಲಿ ಅಡಗಿರುವ ನಿಯಮವನ್ನು ಅವರೇ ಹುಡುಕಬೇಕು. 1965ರಲ್ಲಿ ಮಾಸ್ಕೋದಲ್ಲಿ ಶಾಲಾ ಮಕ್ಕಳಿಗಾಗಿ ಆರಂಭವಾದ ಈ ಪದ್ಧತಿ 2003ರಲ್ಲಿ ಬಲ್ಗೇರಿಯಾದ ಬೊರೊವೆಟ್ಸ್‌ನಲ್ಲಿ ಆರು ದೇಶಗಳು ಕೂಡಿ ಅಂತರರಾಷ್ಟ್ರೀಯ ಸ್ಪರ್ಧೆಯಾಯಿತು. 2016ರಲ್ಲಿ ಮೈಸೂರಿನಲ್ಲೂ ನಡೆಯಿತು. ವೈಯಕ್ತಿಕ ಸುತ್ತಿನಲ್ಲಿ ಆರು ಗಂಟೆಗೆ ಐದು ಪ್ರಶ್ನೆ. ಮತ್ತೊಂದು ದಿನ ನಾಲ್ವರ ತಂಡಕ್ಕೆ ಒಂದೇ ದೊಡ್ಡ ಪ್ರಶ್ನೆ.

ಎರಡನೆಯ ದಿನ ತರಬೇತುದಾರರು ಟರ್ಕಿ ಭಾಷೆಯ ಬಹುವಚನವನ್ನು ಕೊಟ್ಟರು. ಕುದುರೆ ‘ಅತ್’, ಕುದುರೆಗಳು ‘ಅತ್‌ಲರ್’. ಹಕ್ಕಿ ‘ಕುಶ್’, ಹಕ್ಕಿಗಳು ‘ಕುಶ್‌ಲರ್’. ಮನೆ ‘ಎವ್’, ಮನೆಗಳು ‘ಎವ್‌ಲೆರ್’. ಹಲ್ಲು ‘ದಿಶ್’, ಹಲ್ಲುಗಳು ‘ದಿಶ್‌ಲೆರ್’. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಕ್ಷಣ ಎದ್ದು ನಿಂತ. ಜೀವ ಇರುವುದಕ್ಕೆ ‘ಲರ್’, ಇಲ್ಲದ್ದಕ್ಕೆ ‘ಲೆರ್’ ಎಂದ. ಅವನಿಗೆ ಹಾಗೆ ಹೊಳೆದದ್ದು ಸಹಜ. ಹುಡುಗರು, ಗೆಳತಿಯರು ಎಂದೂ ಮರಗಳು, ಹಸುಗಳು ಎಂದೂ ಹೇಳುವ ನಮ್ಮ ಭಾಷೆ ಅರ್ಥ ನೋಡಿ ಪ್ರತ್ಯಯ ಹಚ್ಚುತ್ತದೆ. ಮುಂದಿನ ಪದ ಬೆಕ್ಕು: ‘ಕೆದಿ’, ‘ಕೆದಿಲೆರ್’. ಹುಡುಗ ಪಕ್ಕದಲ್ಲಿ ‘ಅಪವಾದ’ ಎಂದು ಬರೆದುಕೊಂಡ. ಅದರ ಮುಂದಿನದು ಕಲ್ಲು: ‘ತಶ್’, ‘ತಶ್‌ಲರ್’. ಆರು ಪದಗಳಲ್ಲಿ ಎರಡು ಅಪವಾದ! ತರಬೇತುದಾರರು ಉತ್ತರ ಹೇಳಲಿಲ್ಲ. ಊಟದ ಗಂಟೆ ಬಾರಿಸಿತು.

ಆ ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತೇ ಅವನು ಮತ್ತು ಇನ್ನೊಬ್ಬಳು ಹುಡುಗಿ ಆ ಪದಗಳನ್ನು ಒಂದೊಂದಾಗಿ ಉಚ್ಚರಿಸುತ್ತಿದ್ದರು. ಎ, ಇ ಎನ್ನುವಾಗ ನಾಲಿಗೆ ಮುಂದಕ್ಕೆ ಬರುತ್ತದೆ, ಅ, ಉ ಎನ್ನುವಾಗ ಹಿಂದಕ್ಕೆ ಸರಿಯುತ್ತದೆ ಎಂದು ಆಕೆ ಗುರುತಿಸಿದಳು. ನಾಲಿಗೆ ಮುಂದಿದ್ದರೆ ‘ಲೆರ್’, ಹಿಂದಿದ್ದರೆ ‘ಲರ್’. ಅರ್ಥಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹುಡುಗ ತಟ್ಟೆ ಹಿಡಿದುಕೊಂಡೇ ನನ್ನ ಬಳಿ ಓಡಿ ಬಂದು, ‘ಹಾಗಾದರೆ ನಾವು ಮಾತ್ರ ಯಾಕೆ ಅರ್ಥ ನೋಡುತ್ತೇವೆ?’ ಎಂದು ಕೇಳಿದ. ಇಷ್ಟು ವರ್ಷ ‘ಗಳು’ ಪ್ರತ್ಯಯ ಪಾಠ ಮಾಡಿದ ನನಗೆ ಯಾವ ವಿದ್ಯಾರ್ಥಿಯೂ ಆ ಪ್ರಶ್ನೆ ಕೇಳಿರಲಿಲ್ಲ. ಆನ್‌ಲೈನ್ ತರಗತಿಯಲ್ಲಿ ಗಂಟೆ ಮುಗಿದೊಡನೆ ಪರದೆ ಆರುತ್ತದೆ, ಒಬ್ಬೊಬ್ಬರೂ ತಮ್ಮ ಕೋಣೆಯಲ್ಲಿ ಒಬ್ಬಂಟಿ. ಈ ಊಟದ ಸಾಲು ಅಲ್ಲಿಲ್ಲ.

ಆರನೆಯ ದಿನದ ರಾತ್ರಿಯನ್ನೂ ಹೇಳಬೇಕು. ಸಂಜೆ, ಇಂದಿನ ಟರ್ಕಿಯ ಪ್ರದೇಶದಲ್ಲಿ ಪ್ರಾಚೀನ ಕಾಲದಲ್ಲಿ ಬಳಕೆಯಲ್ಲಿದ್ದ ಲೂವಿಯನ್ ಚಿತ್ರಲಿಪಿಯ ಶಿಲಾಶಾಸನವೊಂದರ ಚಿತ್ರವನ್ನು ಮಕ್ಕಳಿಗೆ ಹಂಚಿದ್ದರು. ಮೈಸೂರಿನ ಸ್ಪರ್ಧೆಯ ಪ್ರಶ್ನೆಗಳಲ್ಲಿ ಒಂದು ಇದೇ ಲಿಪಿಯನ್ನು ಕುರಿತದ್ದಾಗಿತ್ತು. ಹತ್ತು ಗಂಟೆಗೆ ದೀಪ ಆರಿಸಿದ ಮೇಲೂ ಮೊಗಸಾಲೆಯ ಬೆಳಕಿನಡಿ ಮೂವರು ಹುಡುಗಿಯರು ಆ ಹಾಳೆಯ ಸುತ್ತ ಕುಳಿತಿದ್ದರು. ಗದರಿಸಿ ಮಲಗಿಸಲೆಂದು ಹೋದ ನಾನು ಅಲ್ಲೇ ಕುಳಿತೆ. ಮೊದಲ ಸಾಲಿನಲ್ಲಿ ಪ್ರಾಣಿಗಳ ಮುಖವೆಲ್ಲ ಬಲಕ್ಕೆ, ಎರಡನೆಯದರಲ್ಲಿ ಎಡಕ್ಕೆ, ಮೂರನೆಯದರಲ್ಲಿ ಮತ್ತೆ ಬಲಕ್ಕೆ. ‘ಹೊಲ ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗುವ ಹಾಗೆ’ ಎಂದಳು ಅವರಲ್ಲಿ ಚಿಕ್ಕವಳು. ವಿದ್ವಾಂಸರು ಈ ಬರವಣಿಗೆಗೆ ಇಟ್ಟಿರುವ ಗ್ರೀಕ್ ಹೆಸರಿಗೂ ಎತ್ತು ತಿರುಗುವುದು ಎಂದೇ ಅರ್ಥ ಎಂದು ಮರುದಿನ ತರಬೇತುದಾರರು ಹೇಳಿದಾಗ ಆಕೆಯ ಮುಖ ನೋಡಬೇಕಿತ್ತು.

ಉತ್ತರ ಕಂಡುಹಿಡಿದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ವಿವರಣೆ ಇಲ್ಲದ ಉತ್ತರ ಪೂರ್ತಿ ಸರಿಯಿದ್ದರೂ ಹೆಚ್ಚು ಅಂಕ ದೊರೆಯದು ಎಂಬ ಎಚ್ಚರಿಕೆಯನ್ನು ಅಂತರರಾಷ್ಟ್ರೀಯ ಪ್ರಶ್ನೆಪತ್ರಿಕೆಗಳಲ್ಲೇ ಅಚ್ಚು ಹಾಕಿದ್ದುಂಟು. ನಮ್ಮ ಶಿಬಿರದ ಅತ್ಯಂತ ಚುರುಕಾದ ಹುಡುಗಿ ಮೊದಲ ದಿನ ಎಲ್ಲ ಉತ್ತರಗಳನ್ನೂ ಸರಿಯಾಗಿ ಬರೆದು, ವಿವರಣೆಯ ಜಾಗದಲ್ಲಿ ‘ಹೀಗೇ ಅನ್ನಿಸಿತು’ ಎಂದಷ್ಟೇ ಬರೆದಿದ್ದಳು. ಆಕೆಗೆ ಇಂಗ್ಲಿಷ್ ಬರವಣಿಗೆ ಕಷ್ಟವಾಗುತ್ತಿತ್ತು. ಮೊದಲು ಕನ್ನಡದಲ್ಲೇ ಬರೆಯಲು ನಾನು ಹೇಳಿದೆ. ಬರೆದದ್ದನ್ನು ಪ್ರತಿ ರಾತ್ರಿ ಪಕ್ಕದ ಮಂಚದವಳಿಗೆ ಓದಿ ಹೇಳುತ್ತಿದ್ದಳು, ಅವಳಿಗೆ ಅರ್ಥವಾಗದ ಕಡೆ ಮತ್ತೆ ತಿದ್ದುತ್ತಿದ್ದಳು. ಕೊನೆಯ ಪರೀಕ್ಷೆಯಲ್ಲಿ ಆಕೆಯ ವಿವರಣೆ ಒಂದೂವರೆ ಪುಟವಿತ್ತು, ಒಂದು ವಾಕ್ಯವೂ ಹೆಚ್ಚಿನದಾಗಿರಲಿಲ್ಲ.

ತಂಡದ ಸುತ್ತಿಗಂತೂ ಒಡನಾಟವಿಲ್ಲದೆ ತಯಾರಿಯೇ ಇಲ್ಲ. ನಾಲ್ವರಲ್ಲಿ ಇಬ್ಬರು ಗಟ್ಟಿಯಾಗಿ ಮಾತನಾಡುವವರಿದ್ದರೆ ಮೂರನೆಯವನು ಗಮನಿಸಿದ್ದು ಹಾಳೆಯ ಅಂಚಿನಲ್ಲೇ ಉಳಿದುಬಿಡುತ್ತದೆ. ನಾಲ್ಕನೆಯ ದಿನ ಹಾಗೆಯೇ ಆಗಿ ಒಂದು ತಂಡ ಸೋತಿತು. ಅಂದಿನಿಂದ ಮೊದಲ ಅರ್ಧ ಗಂಟೆ ಯಾರೂ ಮಾತನಾಡದೆ ಒಬ್ಬೊಬ್ಬರೇ ಓದುವ ನಿಯಮವನ್ನು ಮಕ್ಕಳೇ ಮಾಡಿಕೊಂಡರು.

ಶಿಬಿರದಲ್ಲಿ ದೋಷಗಳಿರಲಿಲ್ಲ ಎನ್ನುವುದಿಲ್ಲ. ಪಾರಿಭಾಷಿಕ ಪದಗಳ ಉಪನ್ಯಾಸ ಅತಿಯಾಯಿತು. ಪ್ರತಿದಿನ ಗೋಡೆಗೆ ಅಂಟಿಸುತ್ತಿದ್ದ ಅಂಕಪಟ್ಟಿಯಿಂದ ಇಬ್ಬರು ಮಕ್ಕಳು ಮಾತು ಬಿಟ್ಟು ಕುಳಿತರು. ಅದನ್ನು ತೆಗೆಯಿರಿ ಎಂದು ನಾನು ಎರಡು ಬಾರಿ ಕೇಳಿಕೊಂಡರೂ ತೆಗೆಯಲಿಲ್ಲ. ಖರ್ಚು ಕಡಿಮೆ ಮಾಡಲೇಬೇಕಿದ್ದರೆ ಅತಿಥಿ ಉಪನ್ಯಾಸಗಳನ್ನು ಆನ್‌ಲೈನ್‌ಗೆ ಕಳಿಸಲಿ, ಉದ್ಘಾಟನೆ, ಸಮಾರೋಪಗಳನ್ನು ಕೈಬಿಡಲಿ. ಒಟ್ಟಿಗೆ ಉಳಿಯುವ ದಿನಗಳಿಗೆ ಮಾತ್ರ ಕತ್ತರಿ ಹಾಕಬಾರದು.

ಸಂಘಟಕರು ನಿರ್ಧಾರ ಮಾಡುವ ಮುನ್ನ ಶಿಬಿರದಲ್ಲಿದ್ದ ಹದಿನಾರು ಮಕ್ಕಳನ್ನು ಒಮ್ಮೆ ಕೇಳಲಿ. ಅವರ ಉತ್ತರಪತ್ರಿಕೆಗಳು ಕಚೇರಿಯಲ್ಲೇ ಇವೆ. ಮೊದಲ ದಿನದ್ದನ್ನೂ ಒಂಬತ್ತನೆಯ ದಿನದ್ದನ್ನೂ ಪಕ್ಕಪಕ್ಕ ಇಟ್ಟು ಓದಲಿ.

– ನಿವೃತ್ತ ಕನ್ನಡ ಶಿಕ್ಷಕಿ