ನಫ್ತಾಲಿ ಅಂತ ಹೆಸರಿಡುವ ಮೊದಲು

ಮಗಳೇ,

ಮಗನಿಗೆ ನಫ್ತಾಲಿ ಅಂತ ಹೆಸರಿಡುತ್ತೇನೆ ಅಂದೆ, "ಬೈಬಲ್ ಹೆಸರು ತಾನೇ ಪಪ್ಪ, ಅಕ್ಕನಿಗೇನು ಕಷ್ಟ" ಅಂತ ನೀನು ನಿನ್ನೆ ಫೋನ್ ಇಟ್ಟುಬಿಟ್ಟೆ. ರಾತ್ರಿಯಿಡೀ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೈಬಲಿನ ಆದಿಕಾಂಡ 30ನೇ ಅಧ್ಯಾಯ ತೆಗೆದು ನೋಡು. ಲೇಯ, ರಾಹೇಲ ಅಕ್ಕತಂಗಿಯರು, ಇಬ್ಬರೂ ಯಾಕೋಬನ ಹೆಂಡತಿಯರು. ಲೇಯಳಿಗೆ ಆಗಲೇ ನಾಲ್ಕು ಗಂಡುಮಕ್ಕಳು, ತಂಗಿ ರಾಹೇಲಳಿಗೆ ಒಂದೂ ಇಲ್ಲ. ಅವಳು ದಾಸಿ ಬಿಲ್ಹಳನ್ನು ಯಾಕೋಬನಿಗೆ ಕೊಟ್ಟಳು. ಬಿಲ್ಹ ಹೆತ್ತ ಎರಡನೇ ಮಗನಿಗೆ, ಅಕ್ಕನ ಜೊತೆ ಹೋರಾಡಿ ಗೆದ್ದೆ ಅಂತ ಹೇಳಿ ನಫ್ತಾಲಿ ಅಂತ ಹೆಸರಿಟ್ಟವಳು ರಾಹೇಲ. ಹೆತ್ತವಳನ್ನು ಯಾರೂ ಕೇಳಲಿಲ್ಲ, ಪಾಪ. ನನ್ನ ಹೋರಾಟ ಅಂತ ಅದರ ಅರ್ಥ. ಮುಂದೆ ಗಲಿಲಾಯದಲ್ಲಿ ನೆಲೆಸಿದ ಇಡೀ ಕುಲಕ್ಕೇ ಅಕ್ಕತಂಗಿಯರ ಜಗಳದ ಹೆಸರು ಉಳಿಯಿತು.

ನಿನ್ನ ಅಕ್ಕ ಇಷ್ಟು ವರ್ಷ ಸಂಡೇ ಸ್ಕೂಲಿನಲ್ಲಿ ಈ ಕಥೆಯನ್ನೇ ಹೇಳಿಕೊಟ್ಟವಳು.

ಆ ಸಂಜೆ ಗಂಡಿನ ಕಡೆಯವರು ನೋಡಲು ಬಂದದ್ದು ಅವಳನ್ನು. ಕೇಳಿದ್ದು ನಿನ್ನನ್ನು. ಹೂಂ ಅಂದವನು ನಾನು. ನಿನ್ನದೇನೂ ತಪ್ಪಿಲ್ಲ, ಅಳಿಯನೂ ಒಳ್ಳೆಯವನೇ. ಆದರೆ ಅವರು ಹೋದ ಮೇಲೆ ಅಕ್ಕ ಕಾಫಿ ಲೋಟ ತೊಳೆಯಲು ಕುಳಿತಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು, ನಾನು ಬಾಗಿಲ ಹತ್ತಿರ ನಿಂತು ನೋಡಿದೆ, ಒಂದು ಮಾತು ಆಡಲಿಲ್ಲ. ಹಿರಿಯವಳನ್ನು ಬಿಟ್ಟು ಕಿರಿಯವಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಅಂತ ಲೇಯ, ರಾಹೇಲರ ಅಪ್ಪ ಲಾಬಾನ, ರಾಹೇಲಳ ಬದಲು ಲೇಯಳನ್ನು ಯಾಕೋಬನಿಗೆ ಕೊಟ್ಟು ಮೋಸ ಮಾಡಿಯಾದರೂ ಹೇಳಿದ. ನಾನು ಅವಳನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಈಗಲೂ ಲೋಟದ ಸದ್ದು ಕೇಳಿದರೆ ಅದೇ ನೆನಪು. ಆಮೇಲೆ ಬಂದ ಸಂಬಂಧಗಳನ್ನೆಲ್ಲ ಅವಳು ಬೇಡ ಅಂದಳು.

ಹೀಬ್ರೂ ಭಾಷೆಯಲ್ಲಿ ನಫ್ತಾಲಿ ಅನ್ನುವ ಪದದ ಬೇರಿಗೆ ತಿರುಚು, ಹೊಸೆ ಅನ್ನುವ ಅರ್ಥವಿದೆ. ದಾರಕ್ಕೆ ಅವರು ಹೇಳುವ ಪತೀಲ್ ಕೂಡ ಅದೇ ಬೇರಿನದು. ಕುಸ್ತಿಯಲ್ಲಿ ಕೈಕಾಲು ಹೆಣೆದುಕೊಳ್ಳುತ್ತವಲ್ಲ, ಹಾಗೆ. ನೀವಿಬ್ಬರೂ ಹೊಸೆದ ಒಂದೇ ಹುರಿ ಅಂತ ಹೇಳಿ ಅವಳನ್ನು ಸಮಾಧಾನ ಮಾಡಲು ಹೋಗಿದ್ದೆ. "ರಾಹೇಲ ಗೆದ್ದೆ ಅಂದಳು ಪಪ್ಪ" ಅಂದಳು. ಅವಳು ಹೇಳಿದ್ದು ಸರಿ.

ನೋಡು, ಹೆಸರು ನಮಗಿಂತ ಜಾಸ್ತಿ ಕಾಲ ಬಾಳುತ್ತದೆ. ದೊಡ್ಡವರಿಗೆ ತಗ್ಗಿ ನಡೆಯಬೇಕು, ಮೊದಲು ಅವಳನ್ನು ಕೇಳಬೇಕು... ಪಾಠ ಶುರು ಮಾಡಿಬಿಟ್ಟೆ, ಅಲ್ವಾ? ಒಬ್ಬಳೇ ಅಷ್ಟು ದೂರದಲ್ಲಿ ಹೆತ್ತು, ಒಂದು ದಿನವೂ ಗೊಣಗಲಿಲ್ಲ ನೀನು. ನನಗೆ ಎಷ್ಟು ಹೆಮ್ಮೆ ಅಂತ ಹೇಳಲು ಬರುವುದಿಲ್ಲ. ಅದೇ ಹೆಸರು ಬೇಕೆಂದರೆ ಇಡು. ಆದರೆ ಅಕ್ಕನಿಗೆ ನೀನೇ ಫೋನ್ ಮಾಡು, ನನ್ನ ಮೂಲಕ ಬೇಡ.

ಮಗುವಿನ ದೀಕ್ಷಾಸ್ನಾನದ ಬಿಳಿ ಅಂಗಿಯನ್ನು ಅವಳು ತೋಳೊಂದು ಬಿಟ್ಟು ನಿನ್ನೆಯೇ ಹೊಲಿದು ಮುಗಿಸಿದ್ದಾಳೆ. ಬರುವಾಗ ತರುತ್ತೇನೆ. ತೋಳಿನ ಅಳತೆ ಕೇಳಿದ್ದಾಳೆ, ಅವಳಿಗೇ ಹೇಳು.

ನಿನ್ನ ಪಪ್ಪ